ಐದು ಸಾವಿರ ವೋಲ್ಟಿನ ಡೇರೆ ಮೇಳ

ಇಂಗ್ಲೆಂಡಿನಲ್ಲಿ 1970ರ ದಶಕದ ನಡುವಿಗೆ ‘5000 ವೋಲ್ಟ್ಸ್’ ಎಂಬ ಡಿಸ್ಕೊ ತಂಡವೊಂದಿತ್ತು. ಕುಂದಾಪುರದ ಕೋಡಿಯಲ್ಲಿ ಕೂತು ಈ ಹೆಸರು ಕೇಳಿದವರಿಗೆ ಮೊದಲು ಆಗುವುದು ಹೊಟ್ಟೆಕಿಚ್ಚು. ಕಡಲಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬೀಳುವ ಆಸಾಡಿಯಲ್ಲಿ ನಮ್ಮ ಪಾಲಿನ 230 ವೋಲ್ಟೇ ಏದುಸಿರು ಬಿಡುತ್ತ ಬರುತ್ತದೆ. ತಿರುಗುವ ಫ್ಯಾನಿನ ರೆಕ್ಕೆ ಎಷ್ಟೆಂದು ಕೆಳಗೆ ಮಲಗಿದವರು ಎಣಿಸಿ ಹೇಳಬಹುದು. ಅಂಥದ್ದರಲ್ಲಿ ಒಂದು ಹಾಡಿನ ತಂಡ 5000 ವೋಲ್ಟನ್ನು ತಾನೊಂದೇ ಇಟ್ಟುಕೊಂಡಿತ್ತೆಂದರೆ ಸಿಟ್ಟು ಬರದೆ ಇರುತ್ತದೆಯೇ? ಸಮಾಧಾನದ ಸಂಗತಿಯೆಂದರೆ ಅದೂ ಬಹಳ ದಿನ ಉರಿಯಲಿಲ್ಲ. 1975ರಲ್ಲಿ ‘ಐಯಾಮ್ ಆನ್ ಫೈರ್’ ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. 1976ರಲ್ಲಿ ‘ಡಾಕ್ಟರ್ ಕಿಸ್ ಕಿಸ್’ 8ನೇ ಸ್ಥಾನಕ್ಕೆ ಬಂತು. ಆಮೇಲೆ ಫ್ಯೂಸು ಹೋಯಿತು. ಕಂಬ ಹತ್ತಲು ಯಾರೂ ಬರಲಿಲ್ಲ.

ತಂಡಗಳು ಏಳುವುದು, ಬೀಳುವುದು ಹೊಸ ವಿಷಯವಲ್ಲ. ನಮ್ಮ ಕುಂದಾಪುರದ ಕಡೆ ಒಂದು ಗಣೇಶ ಚೌತಿಗೆ ಹುಟ್ಟಿ ಮುಂದಿನ ಚೌತಿಗೆ ಮೊದಲೇ ಲೆಕ್ಕಪತ್ರದ ಜಗಳದಲ್ಲಿ ಒಡೆದುಹೋದ ತಂಡಗಳು ಬೇಕಾದಷ್ಟಿವೆ. 5000 ವೋಲ್ಟ್ಸಿನ ಕತೆಯಲ್ಲಿ ಸ್ವಾರಸ್ಯ ಇರುವುದು ಬಿದ್ದದ್ದರಲ್ಲಿ ಅಲ್ಲ, ಎದ್ದದ್ದರಲ್ಲಿ. ‘ಐಯಾಮ್ ಆನ್ ಫೈರ್’ ಹಾಡಿನಲ್ಲಿ ಗಂಟಲು ಹರಿಯುವಂತೆ ಹಾಡಿದವಳು ಟೀನಾ ಚಾರ್ಲ್ಸ್ ಎಂಬ ಲಂಡನ್ನಿನ ಹುಡುಗಿ. ಆಗ ಸ್ಟುಡಿಯೊಗಳಲ್ಲಿ ಬೇರೆಯವರ ಹಾಡಿಗೆ ದನಿ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದವಳು. ಹಾಡು ಗೆದ್ದಿತು. ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮಕ್ಕೆ ಕರೆಯೂ ಬಂತು. ಕ್ಯಾಮೆರಾ ಎದುರು ಬಂದು ನಿಂತವರು ಲೂಆನ್ ಪೀಟರ್ಸ್ ಎಂಬ ನಟಿ. ಅವರು ತುಟಿ ಆಡಿಸಿದರು, ಸೊಂಟ ಆಡಿಸಿದರು, ದೇಶಕ್ಕೆ ದೇಶವೇ ಚಪ್ಪಾಳೆ ತಟ್ಟಿತು. ಹಾಡಿದವಳು ಮನೆಯಲ್ಲಿ ಕೂತು ತನ್ನ ದನಿ ಇನ್ನೊಬ್ಬರ ಬಾಯಿಂದ ಬರುವುದನ್ನು ನೋಡಬೇಕು.

ಇದನ್ನು ಇಲ್ಲಿ ಯಾರಿಗಾದರೂ ಹೇಳಿದರೆ ಅವರಿಗೆ ಹಗರಣ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. “ಎಂತ ಮರಾಯ್ರೆ, ಪದ್ಯ ಹೇಳುದ್ ಭಾಗವತ್ರು, ಕುಣಿಯುದ್ ವೇಷ. ಅದ್ರಗ್ ಎಂತ ಮೋಸ?” ಎನ್ನುತ್ತಾರೆ. ನಿಜವೇ. ಯಕ್ಷಗಾನದ ಆಟದಲ್ಲಿ ಒಬ್ಬ ಹಾಡುತ್ತಾನೆ, ಇನ್ನೊಬ್ಬ ಕುಣಿಯುತ್ತಾನೆ. ಆದರೆ ನಮ್ಮಲ್ಲಿ ಭಾಗವತ ರಂಗಸ್ಥಳದಲ್ಲೇ ಎಲ್ಲರ ಕಣ್ಣೆದುರು ಮುಂಡಾಸು ಕಟ್ಟಿ ಕೂತಿರುತ್ತಾನೆ. ಅವನನ್ನೇ ಮೊದಲ ವೇಷ ಎನ್ನುವ ಮರ್ಯಾದೆಯೂ ಉಂಟು. ಲಂಡನ್ನಿನವರು ಮಾಡಿದ್ದು ಭಾಗವತನನ್ನು ಬಣ್ಣ ಹಚ್ಚುವ ಚೌಕಿಯೊಳಗೆ ಕೂಡಿಹಾಕಿ, ಹೊರಗಿನಿಂದ ಚಿಲಕ ಜಡಿದು, ವೇಷಧಾರಿಯ ಬಾಯಿಂದಲೇ ಪದ್ಯ ಬಂತೆಂದು ಊರಿಗೆಲ್ಲ ಹೇಳಿದ್ದು. ಇದೇ ದಶಕದ ಕೊನೆಗೆ, ಮತ್ತೆ 1980ರ ದಶಕದಲ್ಲಿ, ಇತ್ತ ಗುಂಡ್ಮಿಯ ಕಾಳಿಂಗ ನಾವಡರು ಭಾಗವತಿಕೆಗೆ ಕೂತರೆ ಸಾಲಿಗ್ರಾಮ ಮೇಳದ ಡೇರೆ ತುಂಬುತ್ತಿತ್ತು. ಜನ ಟಿಕೆಟು ಕೊಂಡದ್ದು ದನಿಗೆ. ‘ನಾಗಶ್ರೀ’ಯಂಥ ಪ್ರಸಂಗವನ್ನೂ ಅವರೇ ಬರೆದರು. 1990ರಲ್ಲಿ, ಚಿಕ್ಕ ಪ್ರಾಯದಲ್ಲೇ, ರಸ್ತೆ ಅಪಘಾತದಲ್ಲಿ ಹೋದರು. ಕ್ಯಾಸೆಟ್ಟುಗಳಲ್ಲಿ ಇನ್ನೂ ಹಾಡುತ್ತಿದ್ದಾರೆ, ಅದೂ ಅವರ ಹೆಸರಿನಲ್ಲಿಯೇ. ಬ್ರಿಟಿಷರು ನಮ್ಮಿಂದ ಕರಿಮೆಣಸು, ಅಕ್ಕಿ ಎಲ್ಲ ಹೊತ್ತುಕೊಂಡು ಹೋದರು, ಇದೊಂದು ಪದ್ಧತಿಯನ್ನು ಮಾತ್ರ ಇಲ್ಲೇ ಬಿಟ್ಟು ಹೋದರು.

ಆಟದ ಮಾತಿನಲ್ಲೇ ಇನ್ನೊಂದು ಸಂಗತಿ ಇದೆ. ಮೇಳಕ್ಕೊಬ್ಬ ಯಜಮಾನ ಇರುತ್ತಾನೆ. ಭಾಗವತ ಬದಲಾಗುತ್ತಾನೆ, ವೇಷ ಬದಲಾಗುತ್ತದೆ, ಚಂಡೆಯವರು ಪಕ್ಕದ ಮೇಳಕ್ಕೆ ಹಾರುತ್ತಾರೆ. ಯಜಮಾನ ಇದ್ದಲ್ಲೇ ಇರುತ್ತಾನೆ. ಡಿಸ್ಕೊ ಎಂಬ ಇಡೀ ವ್ಯಾಪಾರವೇ ಯಜಮಾನರದು. ಅಲ್ಲಿ ಅವರನ್ನು ಪ್ರೊಡ್ಯೂಸರ್ ಎನ್ನುತ್ತಾರೆ. ಹಾಗೆ ಲಂಡನ್ನಿನಲ್ಲಿ ಮೇಳ ಕಟ್ಟಿ ಗೆದ್ದ ದೊಡ್ಡ ಯಜಮಾನರೊಬ್ಬರು ನಮ್ಮ ಕರ್ನಾಟಕದವರು ಎಂಬುದು ಕರ್ನಾಟಕಕ್ಕೆ ಗೊತ್ತೇ ಇಲ್ಲದಂತಿದೆ.

ಹೆಸರು ಬಿದ್ದು ಅಪ್ಪಯ್ಯ. ಕೊಡವ ಮನೆತನ, ಹುಟ್ಟಿದ್ದು ಬೆಂಗಳೂರಿನಲ್ಲಿ. ಅಪ್ಪಯ್ಯ ಎಂಬುದನ್ನು ಕುಂದಾಪುರದವರು ಓದಿದರೆ ಯಾರದೋ ತಂದೆಯನ್ನು ಕರೆದಂತೆ ಕೇಳುತ್ತದೆ, ಅದಕ್ಕೇ ಏನೋ ಅವರು ಬರಿ ಬಿದ್ದು ಎಂದೇ ಪ್ರಸಿದ್ಧರಾದರು. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, ಕಲ್ಕತ್ತಾ, ಬೊಂಬಾಯಿಗಳ ರೆಸ್ಟೋರೆಂಟುಗಳಲ್ಲಿ ಬೀಟಲ್ಸ್ ಧಾಟಿಯ ಹಾಡು ಹಾಡಿದರು. ತಂಡ ಒಡೆಯಿತು. ಅವರು ಎದೆಗುಂದಲಿಲ್ಲ, ‘ಲೋನ್ ಟ್ರೋಜನ್’ ಎಂದು ಹೆಸರಿಟ್ಟುಕೊಂಡು ಒಬ್ಬರೇ ಹಾಡಿದರು. ಒಡೆದ ತಂಡದಲ್ಲಿ ಉಳಿದ ಒಬ್ಬನೇ ತಂಡದ ಹೆಸರನ್ನೂ ಹೊತ್ತುಕೊಂಡು ಹೋಗುವ ಈ ಉಪಾಯ ನಮ್ಮ ಯುವಕ ಮಂಡಲಗಳಿಗೆ ಬಹಳ ಪರಿಚಯದ್ದು. 1967ರಲ್ಲಿ ಊರು ಬಿಟ್ಟು, ಕೊಲ್ಲಿ ದೇಶಗಳ ದಾರಿಯಲ್ಲಿ ಅಲ್ಲಿ ಇಲ್ಲಿ ಹಾಡುತ್ತ ಇಂಗ್ಲೆಂಡ್ ಮುಟ್ಟಿದರು. ನಮ್ಮ ಕಡೆಯ ಹುಡುಗರೂ ಕೊಲ್ಲಿಗೆ ಹೋಗುತ್ತಾರೆ. ಅವರು ಅಲ್ಲೇ ನಿಲ್ಲುತ್ತಾರೆ, ಮನೆಗೆ ದುಡ್ಡು ಕಳಿಸುತ್ತಾರೆ. ಇವರು ನಿಲ್ಲಲಿಲ್ಲ.

ಮುಂದಿನದು ಹತ್ತು ನಿಮಿಷದ ಕತೆ. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಎಂಬ ಗಾಯಕನಿಗೆ ಬಿದ್ದು ಒಂದು ಹಾಡು ಮುದ್ರಿಸುತ್ತಿದ್ದರು. ಗ್ರಾಮಫೋನು ತಟ್ಟೆಗೆ ಎರಡು ಮಗ್ಗುಲು. ಹಿಂಬದಿಗೂ ಏನಾದರೂ ತುಂಬಬೇಕಲ್ಲ. ಸ್ಟುಡಿಯೊ ಸಮಯದಲ್ಲಿ ಉಳಿದದ್ದು ಹತ್ತೇ ನಿಮಿಷ. ಬ್ರೂಸ್ ಲೀ ಸಿನಿಮಾಗಳ ಗಾಳಿ ಬೀಸುತ್ತಿದ್ದ ಕಾಲ. ಡಗ್ಲಸ್ ಬರೆದಿಟ್ಟಿದ್ದ ಒಂದು ಪದ್ಯ ಹೊರತೆಗೆದು, ಹೂ ಹಾ ಎಂದು ಕೂಗಿಸಿ, ಹಿಂಬದಿಗೆ ಅಂಟಿಸಿದರು. ಕಂಪನಿಯವರು ಕೇಳಿ, ಹಿಂಬದಿಯನ್ನೇ ಮುಂಬದಿ ಮಾಡಿದರು. ‘ಕುಂಗ್ ಫು ಫೈಟಿಂಗ್’ 1974ರಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಬಂತು. ಮಾರಾಟ ಕೋಟಿ ದಾಟಿತೆಂದು ಲೆಕ್ಕ ಹೇಳುತ್ತಾರೆ. ಬೆವರು ಸುರಿಸಿ ಮಾಡಿದ ಮುಂಬದಿಯ ಹಾಡಿನ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಹಬ್ಬದ ಸಂಘಟಕರಿಗೆ ಈ ಸಂಗತಿ ತಿಳಿಸಬಾರದು. ತಿಳಿದರೆ ಕಲಾವಿದರಿಗೆ ಈಗ ಕೊಡುವ ಅರ್ಧ ಗಂಟೆಯನ್ನೂ ಹತ್ತು ನಿಮಿಷಕ್ಕೆ ಇಳಿಸಿ, ಜಗತ್ತನ್ನು ಗೆಲ್ಲಲು ಇಷ್ಟು ಸಾಕಂತೆ ಎಂದಾರು.

ಕಾರ್ಲ್ ಡಗ್ಲಸ್ ಆಮೇಲೆ ಇನ್ನೊಂದು ಕುಂಗ್ ಫು ಹಾಡು ಹಾಡಿದ. ಅದು ಬ್ರಿಟನ್ನಿನಲ್ಲಿ ಮೂವತ್ತರ ಆಚೆ ಎಲ್ಲೋ ನಿಂತಿತು. ಒಂದು ಸಲ ಗೆದ್ದ ವೇಷವನ್ನೇ ಮರುವರ್ಷವೂ ತಂದರೆ ಪ್ರೇಕ್ಷಕ ಚಾ ಕುಡಿಯಲು ಏಳುತ್ತಾನೆ. ಯಜಮಾನರು ಎದ್ದು ಹೋಗಲಿಲ್ಲ, ಹೊಸ ಭಾಗವತರನ್ನು ಹುಡುಕಿದರು. ಸಿಕ್ಕವಳು ಯಾರು? ನಮ್ಮ ಟೀನಾ ಚಾರ್ಲ್ಸ್. 5000 ವೋಲ್ಟ್ಸಿನ ಚೌಕಿಯಲ್ಲಿ ಕೂತು ಹಾಡಿದ ಅದೇ ಹುಡುಗಿ. ಬೆಂಗಳೂರಿನವರು ಒಂದು ಒಳ್ಳೆಯ ಕೆಲಸ ಮಾಡಿದರು. ಚಿಲಕ ತೆಗೆದು, ಅವಳ ಹೆಸರನ್ನೇ ತಟ್ಟೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದರು. 1976ರ ಮಾರ್ಚಿನಲ್ಲಿ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿ ಕೂತಿತು. ಅತ್ತ 5000 ವೋಲ್ಟ್ಸಿನವರು ಲಿಂಡಾ ಕೆಲಿ ಎಂಬ ಹೊಸಬಳನ್ನು ತಂದು ಡಾಕ್ಟರನಿಗೆ ಮುತ್ತು ಕೊಡಿಸಿ ಒಂದು ವರ್ಷ ಜೀವ ಹಿಡಿದರು. ಡಾಕ್ಟರ್ ಬಂದ ಮೇಲೆ ರೋಗಿ ಬದುಕಿದ ಉದಾಹರಣೆ ಇದಲ್ಲ.

ಟೀನಾಳ ಹಿನ್ನೆಲೆ ವಾದ್ಯದವರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಟ್ರೆವರ್ ಹಾರ್ನ್, ಕೀಬೋರ್ಡಿಗೆ ಜೆಫ್ ಡೌನ್ಸ್. ಹಿಂದೆ ಕೂತವರಿಗೆ ರಂಗಸ್ಥಳ ಪೂರ್ತಿ ಕಾಣುತ್ತದೆ ಎನ್ನುವುದು ಸುಳ್ಳಲ್ಲ. ಇಬ್ಬರೂ ಸೇರಿ ‘ಬಗಲ್ಸ್’ ಎಂದು ಹೆಸರಿಟ್ಟುಕೊಂಡು 1979ರಲ್ಲಿ, ರೇಡಿಯೊ ತಾರೆಯನ್ನು ವಿಡಿಯೊ ಕೊಂದಿತೆಂಬ ಹಾಡು ಹಾಡಿ ಮೊದಲ ಸ್ಥಾನಕ್ಕೆ ಬಂದರು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾದಾಗ ಮೊದಲು ಬಿತ್ತರವಾದ ವಿಡಿಯೊ ಅದೇ. ಆ ತಂಡವೂ ಬೇಗ ಮುಗಿಯಿತು. ಹಾರ್ನ್‌ಗೆ ಅಷ್ಟರಲ್ಲಿ ಗುಟ್ಟು ತಿಳಿದಿತ್ತು: ಹಾಡುವುದು ಬಿಟ್ಟು ಯಜಮಾನನಾದ. ಅಂದಿನಿಂದ ಬೀಳಲಿಲ್ಲ.

ಡಿಸ್ಕೊ ಮಾತ್ರ ಬಿತ್ತು. ಬಿದ್ದ ಜಾಗ, ತಾರೀಕು ಎರಡೂ ದಾಖಲಾಗಿವೆ. 1979ರ ಜುಲೈ 12, ಷಿಕಾಗೊದ ಕಾಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನ. ಸ್ಟೀವ್ ಡಾಲ್ ಎಂಬ ರೇಡಿಯೊದವನೊಬ್ಬ, ಡಿಸ್ಕೊ ತಟ್ಟೆಯೊಂದು ತಂದವರಿಗೆ 98 ಸೆಂಟಿಗೆ ಟಿಕೆಟು ಎಂದು ಸಾರಿದ. ಅವನ ರೇಡಿಯೊದ ತರಂಗಾಂತರ 97.9, ದರವನ್ನೂ ಅದಕ್ಕೇ ಹೊಂದಿಸಿದ್ದು. ಎರಡು ಪಂದ್ಯಗಳ ನಡುವೆ ತಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮದ್ದಿಟ್ಟು ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಹುಲ್ಲು ಕಿತ್ತರು, ಎರಡನೇ ಪಂದ್ಯವನ್ನು ಆಡಲಾಗದೆ ಎದುರಾಳಿಗೆ ಬಿಟ್ಟುಕೊಡಬೇಕಾಯಿತು. ಕಪ್ಪು ಜನರ, ಲ್ಯಾಟಿನೊಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ ಹುಟ್ಟಿದ ಸಂಗೀತವನ್ನು ಬಿಳಿ ಹುಡುಗರು ಸುಟ್ಟ ರಾತ್ರಿ ಅದೆಂದು ಆಮೇಲೆ ಹಲವರು ಬರೆದರು. ಬರೆದದ್ದು ಸರಿಯೇ. ನಮಗೆ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೂ. ಅಷ್ಟೂ ತಟ್ಟೆಗಳನ್ನು ಗುಜರಿಯವನಿಗೆ ಕೊಟ್ಟಿದ್ದರೆ ಒಂದು ಅನ್ನಸಂತರ್ಪಣೆ ಆಗುತ್ತಿತ್ತು.

ಪಶ್ಚಿಮದಲ್ಲಿ ಮೇಳಕ್ಕೆ ಪ್ರೇಕ್ಷಕ ಇಲ್ಲವಾದಾಗ ಬಿದ್ದು ಏನು ಮಾಡಿದರು? ಡೇರೆ ಕಿತ್ತು ಈ ಕಡೆ ತಂದು ಹೂಡಿದರು. 1980ರ ‘ಕುರ್ಬಾನಿ’ ಹಿಂದಿ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡು ಅವರದು. ಚಿತ್ರ ಮಾಡಿದ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲಿ. ಹಾಡಿದವಳು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್, ವಯಸ್ಸು ಹದಿನೈದು. ಪರದೆಯ ಮೇಲೆ ತುಟಿ ಆಡಿಸಿದವರು ಜೀನತ್ ಅಮಾನ್. ಇಲ್ಲಿ ಪದ್ಧತಿ ನೋಡಿ: ಹಾಡಿದವಳ ಹೆಸರು ಎಲ್ಲರಿಗೂ ಗೊತ್ತು, ಫಿಲ್ಮ್‌ಫೇರ್ ಪ್ರಶಸ್ತಿಯೂ ಅವಳಿಗೇ ಬಂತು. ಬೆಂಗಳೂರಿನ ಇಬ್ಬರು, ಕರಾಚಿಯ ಒಬ್ಬಳು, ಮುದ್ರಣ ಲಂಡನ್ನಿನಲ್ಲಿ, ಕುಣಿತ ಬೊಂಬಾಯಿಯಲ್ಲಿ. ಇವತ್ತಾದರೆ ಈ ಹಾಡಿಗೆ ಪರವಾನಗಿ ಕೊಡಿಸಲು ಎಷ್ಟು ಸಚಿವಾಲಯಗಳ ಮೆಟ್ಟಿಲು ಹತ್ತಬೇಕೋ. 1981ರಲ್ಲಿ ನಾಜಿಯಾಳದೇ ‘ಡಿಸ್ಕೊ ದೀವಾನೆ’ ಬಂತು. 1982ರಲ್ಲಿ ‘ಸ್ಟಾರ್’ ಎಂಬ ಚಿತ್ರಕ್ಕೂ ಈ ಜೋಡಿ ಹಾಡು ಮಾಡಿತು. ಚಿತ್ರ ಮಗುಚಿತು, ಹಾಡು ತೇಲಿತು. ನಾಜಿಯಾ 2000ದಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಬಿದ್ದು ಅದಕ್ಕೆ ಮುಂಚೆಯೇ, 1995ರಲ್ಲಿ, ಅಲಿಶಾ ಚಿನಾಯ್ ಅವರಿಂದ ‘ಮೇಡ್ ಇನ್ ಇಂಡಿಯಾ’ ಹಾಡಿಸಿ ಮೂರನೇ ಸಲ ಡೇರೆ ತುಂಬಿಸಿದ್ದರು.

ಇಷ್ಟಾದರೂ ನಮ್ಮ ರಸ್ತೆಬದಿಯ ಫ್ಲೆಕ್ಸುಗಳಲ್ಲಿ ಅವರ ಮುಖ ನಾನು ಕಂಡಿಲ್ಲ. ಫ್ಲೆಕ್ಸಿಗೆ ನಮ್ಮಲ್ಲಿ ಬರವಿಲ್ಲ. ಬಡ್ತಿಯಾದವರಿಗೆ, ವರ್ಗವಾಗಿ ಬಂದವರಿಗೆ, ವರ್ಗವಾಗದೆ ಉಳಿದವರಿಗೆ, ದುಬೈಯಲ್ಲಿ ಶಾಲು ಹೊದ್ದು ಬಂದವರಿಗೆ ಹೆದ್ದಾರಿ 66ರ ಉದ್ದಕ್ಕೂ ಶುಭಾಶಯಗಳಿವೆ. ಬಿದ್ದು ಅವರ ತಪ್ಪೆಂದರೆ ಫ್ಲೆಕ್ಸು ಹುಟ್ಟುವ ಮೊದಲೇ ಊರು ಬಿಟ್ಟದ್ದು. ಅಲ್ಲದೆ ಅವರು ಇಲ್ಲಿ ಸೈಟು ಕೇಳಲಿಲ್ಲ, ಅಕಾಡೆಮಿಯ ಸದಸ್ಯತ್ವ ಕೇಳಲಿಲ್ಲ, ಕನ್ನಡದಲ್ಲಿ ಹಾಡು ಮಾಡುತ್ತೇನೆಂದು ಹೇಳಿ ಮುಂಗಡ ತೆಗೆದುಕೊಳ್ಳಲಿಲ್ಲ. ಸಂಬಂಧ ಬೆಳೆಯುವುದಾದರೂ ಹೇಗೆ?

ಅವರು ಊರಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದು ಯೋಚಿಸಬೇಕಾದ್ದು. ನಮ್ಮ ಪಕ್ಕದ ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ತೇರಿಗೆ ಕೋಡಿ ಹಬ್ಬ ಎನ್ನುತ್ತಾರೆ. (ನಮ್ಮ ಊರಿನ ಹೆಸರಿನ ಹಬ್ಬ ಪಕ್ಕದ ಊರಿಗೆ ಹೋದದ್ದು ಹೇಗೆಂದು ಕೇಳಬೇಡಿ.) ಹೊಸದಾಗಿ ಮದುವೆಯಾದವರು ಬಂದು ಕಬ್ಬಿನ ಕೋಡಿ ಮನೆಗೆ ಒಯ್ಯುವ ಹಬ್ಬ ಅದು. ಅಂಥ ಹಬ್ಬದ ರಾತ್ರಿ ಎಲ್ಲೋ ಒಂದು ಗದ್ದೆಯಲ್ಲಿ ಬಿದ್ದು ಅವರ ರಸಮಂಜರಿ ಎಂದಿಟ್ಟುಕೊಳ್ಳಿ. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಲ್ಲರ ಹೆಸರು ಹುದ್ದೆ ಸಮೇತ ಅಚ್ಚಾಗಿರುತ್ತದೆ. ಕಡೆಯ ಸಾಲಿನಲ್ಲಿ, ಮುದ್ರಣಾಲಯದ ಹೆಸರಿಗಿಂತ ಒಂದು ನೂಲು ದಪ್ಪಕ್ಷರದಲ್ಲಿ, ‘ಬಿದ್ದು ಮತ್ತು ಬಳಗದವರಿಂದ ಮನರಂಜನೆ’. ಟೀನಾ ಚಾರ್ಲ್ಸ್ ಆ ಬಳಗದಲ್ಲಿ ಬರುತ್ತಾಳೆ. ಆರೂವರೆಗೆ ಸಭೆ ಎಂದು ಬರೆದಿರುತ್ತದೆ. ಅತಿಥಿಗಳ ಕಾರು ಎಂಟಕ್ಕೆ ಬರುತ್ತದೆ. ಫಲಪುಷ್ಪ, ಶಾಲು, ಸ್ಮರಣಿಕೆ, ಪ್ರಾಸ್ತಾವಿಕ, ವಂದನಾರ್ಪಣೆ ಮುಗಿಯುವಾಗ ಒಂಬತ್ತೂಮುಕ್ಕಾಲು. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಎನ್ನುತ್ತದೆ. ವರ್ಷಕ್ಕೆ ಹದಿನೈದು ದಿನ ಸರ್ಕಾರ ಮಧ್ಯರಾತ್ರಿಯ ತನಕ ವಿನಾಯಿತಿ ಕೊಡಬಹುದು, ಆ ಹದಿನೈದರಲ್ಲಿ ನಮ್ಮ ದಿನ ಇರುವುದು ಅಪರೂಪ. ಇಡೀ ರಾತ್ರಿ ನಡೆಯುತ್ತಿದ್ದ ಆಟವನ್ನೇ ಕಾಲಮಿತಿಗೆ ತಂದ ನಿಯಮ ಅದು. ಭಾಷಣಕ್ಕೆ ಕಾಲಮಿತಿ ತಂದ ನಿಯಮ ಇನ್ನೂ ಬಂದಿಲ್ಲ. ಉಳಿದ ಹದಿನೈದು ನಿಮಿಷದಲ್ಲಿ ‘ಕುಂಗ್ ಫು ಫೈಟಿಂಗ್’ ಶುರುವಾಗುವಾಗ ಸಂಘಟಕರೊಬ್ಬರು ವೇದಿಕೆಗೆ ಓಡಿ ಬಂದು, ಕೆಎ 20 ನಂಬರಿನ ಬಿಳಿ ಕಾರಿನವರು ದಯವಿಟ್ಟು ಕಾರು ತೆಗೆಯಬೇಕು ಎನ್ನುತ್ತಾರೆ.

ನಮ್ಮ ರಸಮಂಜರಿಯ ಏಳುಬೀಳೂ ಡಿಸ್ಕೊ ತಂಡದ್ದಕ್ಕಿಂತ ಕಡಿಮೆಯದಲ್ಲ. ಒಂದು ಕಾಲದಲ್ಲಿ ವೇದಿಕೆಯ ಮೇಲೆ ಹಾಡುವವರಿಗಿಂತ ನುಡಿಸುವವರು ಹೆಚ್ಚಿದ್ದರು: ಅಕಾರ್ಡಿಯನ್, ಬೊಂಗೊ, ತಬಲಾ, ಗಿಟಾರು, ಜಾಜ್ ಸೆಟ್ಟು, ಜೊತೆಗೆ ಗಿಲಿಗಿಲಿ ಅಲ್ಲಾಡಿಸಲು ಕಮಿಟಿಯವರ ಅಳಿಯ. ಸ್ಯಾಕ್ಸೊಫೋನನ್ನಂತೂ ಕೋಟದ ಕಾರಂತಜ್ಜ ಯಕ್ಷಗಾನಕ್ಕೇ ತಂದು ಕೂರಿಸಿ ಬೈಸಿಕೊಂಡವರು, ಅದು ಬೇರೆ ಕತೆ. ಆಮೇಲೆ ಕೀಬೋರ್ಡು ಬಂತು, ನಾಲ್ಕು ಜನ ವೇದಿಕೆಯಿಂದ ಇಳಿದರು. ರಿದಮ್ ಪ್ಯಾಡ್ ಬಂತು, ಇನ್ನಿಬ್ಬರು ಇಳಿದರು. ಪೆನ್‌ಡ್ರೈವಿನಲ್ಲಿ ಕರೋಕೆ ಟ್ರ್ಯಾಕ್ ಬಂದ ಮೇಲೆ ಕೀಬೋರ್ಡಿನವನೂ ಇಳಿದ. ಉಳಿದವರು ಹಾಡುವ ಇಬ್ಬರು, ಮೈಕು ಹಿಡಿದು “ಕೈ ಮೇಲೆತ್ತಿ” ಎನ್ನುವ ನಿರೂಪಕ ಒಬ್ಬ. ಈಗ ಡಿಜೆ ಬಂದಿದ್ದಾನೆ, ಹಾಡುವ ಇಬ್ಬರೂ ಮನೆಯಲ್ಲಿದ್ದಾರೆ. ಅವರಿಗೆ ಬೇಜಾರಿಲ್ಲ. ಕರೋಕೆ ಬಳಗ ಕಟ್ಟಿಕೊಂಡು ಭಾನುವಾರ ತಮ್ಮತಮ್ಮೊಳಗೇ ಹಾಡಿಕೊಳ್ಳುತ್ತಾರೆ. ಅಲ್ಲಿ ಎಲ್ಲರೂ ಗಾಯಕರು. ಕೇಳುವವನು ಸಿಕ್ಕರೆ ಅವನಿಗೂ ಒಂದು ಮೈಕು ಕೊಡುತ್ತಾರೆ.

ಈ ಎಲ್ಲ ಇಳಿಕೆಯಲ್ಲೂ ಇಳಿಯದೆ ಉಳಿದವರು ಸೌಂಡ್ಸ್‌ನವರು. ಅಕಾರ್ಡಿಯನ್ ಕಾಲದಲ್ಲಿ ಎರಡು ಹಾರ್ನು, ಒಂದು ಆಂಪ್ಲಿಫೈಯರ್ ಇಟ್ಟುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದವರು ಈಗ ಲಾರಿಯಲ್ಲಿ ಬರುತ್ತಾರೆ. ಹಿಂದೆ ಜನರೇಟರ್, ಮುಂದೆ ಎಲ್‌ಇಡಿ ಪರದೆ, ನಡುವೆ ಆಳೆತ್ತರದ ಬಾಕ್ಸುಗಳ ಗೋಡೆ. ತಂಡ ಯಾವುದೆಂದು ಅವರಿಗೆ ತಲೆಬಿಸಿ ಇಲ್ಲ. ಅವರಲ್ಲೊಬ್ಬರು ಇಡೀ ಡಿಸ್ಕೊ ಚರಿತ್ರೆಯನ್ನು ವೈರು ಸುತ್ತುತ್ತ ಹೇಳಿ ಮುಗಿಸಿದರು: “ಹಾಡುವರ್ ಬತ್ರ್, ಹೋತ್ರ್. ಬಾಕ್ಸ್ ನಮ್ದೇ ಅಲ್ದಾ?” ಬ್ರಿಟನ್ನಿನ ಸಂಗೀತ ಪತ್ರಿಕೆಗಳವರು ಪುಟಗಟ್ಟಲೆ ಬರೆದೂ ಇಷ್ಟು ಚೊಕ್ಕ ಹೇಳಿರಲಾರರು. ಆಮಂತ್ರಣದಲ್ಲಿ ಕಲಾವಿದರ ಹೆಸರು ಬಿಟ್ಟುಹೋದರೂ ‘ಧ್ವನಿ ಬೆಳಕು’ ಎಂಬ ಸಾಲು ಬಿಟ್ಟುಹೋಗುವುದಿಲ್ಲ. ಕಲಾವಿದರ ಸಂಭಾವನೆಯನ್ನು ಮುಂದಿನ ವಾರ ಕೊಡುವ ಎಂದರೆ ನಡೆಯುತ್ತದೆ; ಬಾಕ್ಸಿನವರಿಗೆ ಬಾಕಿ ಹೇಳಿದರೆ ಸ್ವಿಚ್ಚು ಅವರ ಕೈಯಲ್ಲಿದೆ.

ಈ ಭಾಗದಲ್ಲಿ ಈಗ ಡಿಸ್ಕೊ ನಿಜವಾಗಿ ಬದುಕಿರುವುದು ಮೆಹಂದಿಯಲ್ಲಿ. ಮದುವೆಯ ಹಿಂದಿನ ರಾತ್ರಿ ಅಂಗಳಕ್ಕೆ ಶಾಮಿಯಾನ, ಅದರ ತಲೆಗೆ ಬಣ್ಣದ ಲೈಟು, ಮೂಲೆಯಲ್ಲಿ ಡಿಜೆ. ಷಿಕಾಗೊದವರು ಮದ್ದಿಟ್ಟು ಸಿಡಿಸಿದ್ದೆಲ್ಲ ಇಲ್ಲಿ ಮೀನು ಗಸಿ, ನೀರುದೋಸೆಯ ಪರಿಮಳದ ನಡುವೆ ಮತ್ತೆ ಎದ್ದು ಕುಣಿಯುತ್ತದೆ. ಇತ್ತೀಚೆಗೆ ಒಂದು ಕಡೆ ‘ಆಪ್ ಜೈಸಾ ಕೋಯಿ’ ಬಂತು. ಮದುಮಗನ ಗೆಳೆಯರು ಅದು ಮಲೈಕಾ ಅರೋರಾಳ ಹಾಡೆಂದರು. 2022ರ ‘ಆ್ಯನ್ ಆ್ಯಕ್ಷನ್ ಹೀರೊ’ ಸಿನಿಮಾಕ್ಕೆ ಅದನ್ನು ಹೊಸದು ಮಾಡಿ ಅವಳು ಕುಣಿದಿದ್ದಾಳೆ. ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ ಒಬ್ಬರು, ಬೊಂಬಾಯಿಯ ಹೋಟೆಲಿನಲ್ಲಿ ಪ್ರಾಯ ಕಳೆದವರು, “ಹೋಯ್, ಅದ್ ಜೀನತ್ತಮಾನಿಂದ್” ಎಂದು ಎದ್ದರು. ನಾಜಿಯಾ ಎಂದು ಯಾರೂ ಹೇಳಲಿಲ್ಲ, ಬಿದ್ದು ಎಂದರೆ ಯಾರೋ ಕುಡಿದು ಬಿದ್ದರೆಂದು ತಿಳಿದಾರು. ಜಗಳ ಇನ್ನೂ ಹದಕ್ಕೆ ಬರುವ ಮೊದಲೇ ಹಾಡಿನ ನಡುವೆ ಒಂದು ಗಡಸು ದನಿ, ಎಕೋ ಸಮೇತ, ಡಿಜೆಯ ಹೆಸರನ್ನು ಕೂಗಿತು. ಅರ್ಧ ನಿಮಿಷ ಬಿಟ್ಟು ಮತ್ತೆ ಕೂಗಿತು. ಹಾಡು ಮುಗಿಯುವ ಹೊತ್ತಿಗೆ ಅಂಗಳದ ಸಣ್ಣ ಮಕ್ಕಳಿಗೂ ಆ ಹೆಸರು ಬಾಯಿಪಾಠವಾಗಿತ್ತು, ಅವರು ಎರಡು ಗುಂಪಾಗಿ ಅದನ್ನೇ ಕೂಗಿ ಕುಣಿಯತೊಡಗಿದರು.